ಒಂದೇ ದ್ರಾಕ್ಷಿಯ ಕೆಂಪು ವೈನ್: ಮಲೆನಾಡಿನ ಬಾಯಿಗೆ, ಮಲೆನಾಡಿನ ಊಟಕ್ಕೆ ಯಾವುದು?

ಶಿರಾಜ್ ತಗೊಳ್ಳೋದಾ, ಮೆರ್ಲೊ ತಗೊಳ್ಳೋದಾ? ಕ್ಯಾಬರ್ನೆ ಸಾವಿನ್ಯೋನ್ ದೊಡ್ಡ ವೈನ್ ಅಂತಾರೆ, ನಮಗೆ ಎರಡು ಗುಟುಕಿಗೇ ಬಾಯಿ ಒಣಗಿತು, ಅದು ಕೆಟ್ಟಿತ್ತಾ ಅಥವಾ ಇರೋದೇ ಹಾಗಾ? (ಇವೆಲ್ಲ ದ್ರಾಕ್ಷಿ ತಳಿಗಳ ಹೆಸರು, ಅವುಗಳ ವೈನಿಗೂ ಅದೇ ಹೆಸರು.) ಶಿವಮೊಗ್ಗದ ಸ್ನೇಹಿತರು, ಸಾಗರ, ತೀರ್ಥಹಳ್ಳಿ ಕಡೆಯ ನೆಂಟರು ಹೀಗೆ ಕೇಳುತ್ತಲೇ ಇರುತ್ತಾರೆ. ಬೆಂಗಳೂರಿನಲ್ಲಾದರೆ ಹೋಟೆಲಿನಲ್ಲಿ ಒಂದೊಂದು ಗ್ಲಾಸ್ ತರಿಸಿ ರುಚಿ ನೋಡಬಹುದು. ನಮ್ಮ ಕಡೆ ಅದು ಕಷ್ಟ. ಇಡೀ ಬಾಟಲಿ ಕೊಳ್ಳಬೇಕು, ಮನೆಗೆ ತಂದು ತೆಗೆಯಬೇಕು, ಇಷ್ಟವಾಗದಿದ್ದರೆ ದುಡ್ಡು ಹೋಯಿತು. ಅದಕ್ಕೇ ಕೊಳ್ಳುವ ಮೊದಲೇ ಸ್ವಲ್ಪ ಯೋಚನೆ ಮಾಡೋಣ. ವಯಸ್ಸು 21 ದಾಟಿದವರಿಗೆ ಮಾತ್ರ ಈ ಬರಹ.

ಮೊದಲು ಒಂದು ವಿಷಯ ಸ್ಪಷ್ಟ ಮಾಡಿಬಿಡುತ್ತೇನೆ. ಅಂಗಡಿಯಲ್ಲಿ ಕಡಿಮೆ ಬೆಲೆಗೆ ಸಿಗುವ ಸಿಹಿ 'ಪೋರ್ಟ್' ಬಾಟಲಿಗಳ ಬಗ್ಗೆ ಇಲ್ಲಿ ಬರೆಯುತ್ತಿಲ್ಲ. ಅಂಥವು ಎಷ್ಟೋ ಸಲ ಬೆಂಗಳೂರು ಬ್ಲೂ ದ್ರಾಕ್ಷಿಯವು. ನಾವು ಜ್ಯೂಸ್ ಮಾಡುವ, ಬೀಜ ಉಗುಳಿ ತಿನ್ನುವ, ಘಮ್ಮೆನ್ನುವ ಅದೇ ಕಪ್ಪು ದ್ರಾಕ್ಷಿ. 2013ರಲ್ಲಿ ಅದಕ್ಕೆ ಜಿಐ (ಭೌಗೋಳಿಕ ಗುರುತು) ಮಾನ್ಯತೆಯೂ ಸಿಕ್ಕಿದೆ. ತಿನ್ನೋಕೆ ನನಗೂ ಇಷ್ಟ. ಆದರೆ ವೈನ್ ಅಂದರೆ ಸಿಹಿ ಅಂತ ಅಂದುಕೊಂಡು ಕ್ಯಾಬರ್ನೆ ಬಾಟಲಿ ತೆಗೆದರೆ ಬೇಜಾರಾಗುವುದು ಖಂಡಿತ. ಇಲ್ಲಿ ಹೇಳುವ ವೈನ್‌ಗಳೆಲ್ಲ ಸಿಹಿ ಇಲ್ಲದವು.

ಇನ್ನು ಒಂದೇ ದ್ರಾಕ್ಷಿಯದ್ದೇ ಯಾಕೆ ಅಂತ. ನಮ್ಮಲ್ಲಿ ಸುಲಭವಾಗಿ ಸಿಗುವ ಸಿಹಿ ಇಲ್ಲದ ಕೆಂಪು ವೈನ್‌ಗಳಲ್ಲಿ ಕ್ಯಾಬರ್ನೆ ಮತ್ತು ಶಿರಾಜ್ ಬೆರೆಸಿದವು ಜಾಸ್ತಿ. ನಂದಿಬೆಟ್ಟದ ಕಡೆಯ ವೈನ್ ಕಂಪನಿ ಗ್ರೋವರ್ ಜಂಪಾದ ಹೆಸರುವಾಸಿ ಲಾ ರಿಸರ್ವ್ ಕೂಡ ಅದೇ ಜೋಡಿ. ಬೆರೆಸುವುದರಲ್ಲಿ ತಪ್ಪೇನಿಲ್ಲ, ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ. ಆದರೆ ನಿಮಗೆ ಹಿಡಿಸಿದ್ದು ಯಾವುದು, ಹಿಡಿಸದೇ ಇದ್ದದ್ದು ಯಾವುದು ಅಂತ ಬೆರೆಸಿದ ಬಾಟಲಿಯಿಂದ ಗೊತ್ತಾಗುವುದಿಲ್ಲ. ಒಂದೊಂದೇ ದ್ರಾಕ್ಷಿಯ, ಬೇರೆ ಬೇರೆ ಎರಡು ಮೂರು ಬಾಟಲಿ ಅಕ್ಕಪಕ್ಕ ಇಟ್ಟು ರುಚಿ ನೋಡಿದರೆ ಒಂದೇ ಸಂಜೆಯಲ್ಲಿ ಗೊತ್ತಾಗುತ್ತದೆ. ಮುಂದೆ ಯಾವ ಅಂಗಡಿಗೆ ಹೋದರೂ ಏನು ಕೇಳಬೇಕು ಅಂತ ನಿಮಗೇ ತಿಳಿದಿರುತ್ತದೆ.

ಲೇಬಲ್ ಮೇಲೆ ಒಂದೇ ದ್ರಾಕ್ಷಿಯ ಹೆಸರಿದೆ ಅಂದಮಾತ್ರಕ್ಕೆ ಒಳಗಿರುವುದು ಪೂರ್ತಿ ಅದೇ ಆಗಿರಬೇಕು ಅಂತಿಲ್ಲ. ಯುರೋಪಿನ ನಿಯಮದಲ್ಲಿ ಶೇ. 85ರಷ್ಟು ಆ ದ್ರಾಕ್ಷಿ ಇದ್ದರೆ ಸಾಕು. ಆಸ್ಟ್ರೇಲಿಯಾದಲ್ಲೂ ಅಷ್ಟೇ. ಅಮೆರಿಕದಲ್ಲಿ ಶೇ. 75 ಇದ್ದರೂ ನಡೆಯುತ್ತದೆ. ಇಟಲಿಯ ಬ್ರುನೆಲ್ಲೊ ದಿ ಮೊಂತಾಲ್ಚಿನೊ ಥರದ ಕೆಲವಕ್ಕೆ ಮಾತ್ರ ಪೂರ್ತಿ ಒಂದೇ ದ್ರಾಕ್ಷಿ ಇರಲೇಬೇಕು ಅನ್ನುವ ಕಟ್ಟುನಿಟ್ಟು. ನಮ್ಮ ಕೆಲಸಕ್ಕೆ ಹೆಸರಿನ ದ್ರಾಕ್ಷಿ ಮೇಲುಗೈ ಆಗಿದ್ದರೆ ಸಾಕು.

ಯಾವ ಅಳತೆಯಿಂದ ಆರಿಸೋಣ?

ಎಲ್ಲಕ್ಕಿಂತ ಮೊದಲು ಒಗರು. ಕೆಂಪು ವೈನ್ ಹಿಡಿಸಲಿಲ್ಲ ಅನ್ನುವವರಲ್ಲಿ ಮುಕ್ಕಾಲು ಪಾಲು ಜನಕ್ಕೆ ತೊಂದರೆ ಕೊಡುವುದು ಇದೇ ಅಂತ ನನ್ನ ಅಂದಾಜು. ದ್ರಾಕ್ಷಿಯ ಸಿಪ್ಪೆ, ಬೀಜ, ಮತ್ತೆ ವೈನ್ ಇಡುವ ಓಕ್ ಮರದ ಪೀಪಾಯಿಯಿಂದ ಟ್ಯಾನಿನ್ ಅನ್ನುವ ಒಗರಿನ ಅಂಶ ಇಳಿಯುತ್ತದೆ. ಅದು ಬಾಯಿಗೆ ಹೋದ ಕೂಡಲೇ ಎಂಜಲಿನಲ್ಲಿರುವ ಪ್ರೋಟೀನಿಗೆ ಅಂಟಿಕೊಳ್ಳುತ್ತದೆ. ಎಂಜಲಿನ ಜಾರುವ ಗುಣ ಹೋಗಿ ನಾಲಿಗೆ, ಒಸಡು ಎಲ್ಲ ಒಣಗಿದ ಹಾಗಾಗುತ್ತದೆ. ಹಸಿ ಅಡಿಕೆ ಅಗಿದವರಿಗೆ, ಬೇಯಿಸುವ ಹಂಡೆಯ ಚೊಗರು ಬೆರಳಿಗೆ ಹತ್ತಿ ನಾಲಿಗೆಗೆ ತಾಗಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅದೂ ಟ್ಯಾನಿನ್ನೇ. ಮಲೆನಾಡಿನವರ ಬಾಯಿ ಈ ವಿಷಯದಲ್ಲಿ ಆಗಲೇ ಪಳಗಿದೆ. ಎಷ್ಟು ಒಗರು ನಿಮಗೆ ಹಿತ, ಎಷ್ಟಾದರೆ ಜಾಸ್ತಿ ಅಂತ ತಿಳಿದುಕೊಂಡರೆ ಅರ್ಧ ಆಯ್ಕೆ ಅಲ್ಲಿಗೇ ಮುಗಿಯಿತು.

ಎರಡನೆಯದು ಹುಳಿ. ಹುಳಿ ಇರುವ ವೈನ್ ಬಾಯಲ್ಲಿ ನೀರು ಬರಿಸುತ್ತದೆ, ಊಟದ ಜೊತೆ ಲವಲವಿಕೆಯಿಂದ ಇರುತ್ತದೆ. ಒಂದು ನಿಯಮ ನೆನಪಿಡಿ: ಊಟದ ಹುಳಿ ವೈನಿನ ಹುಳಿಗಿಂತ ಜಾಸ್ತಿಯಾದರೆ ವೈನ್ ಸಪ್ಪೆಯಾಗುತ್ತದೆ. ವಾಟೆಹುಳಿ, ಮುರುಗಲು, ಉಪ್ಪಾಗೆ ಹಾಕಿ ಸಾರು ಮಾಡುವ ನಮ್ಮಂಥವರಿಗೆ ಇದು ಸಣ್ಣ ವಿಷಯ ಅಲ್ಲ.

ಮೂರನೆಯದು ಆಲ್ಕೋಹಾಲು ಮತ್ತು ಬಾಯಲ್ಲಿ ತುಂಬುವ ಭಾರ. ನಮ್ಮ ದೇಶದ ವೈನ್ ತೋಟಗಳು ಹೆಚ್ಚಾಗಿ ಬಿಸಿಲಿನ ಜಾಗದಲ್ಲಿವೆ. ನಾಸಿಕ್, ಸೋಲಾಪುರದ ಅಕ್ಲುಜ್, ನಮ್ಮ ಹಂಪಿಯ ಬೆಟ್ಟಗಳು, ಸ್ವಲ್ಪ ತಂಪಿನ ನಂದಿಬೆಟ್ಟ. ಬಿಸಿಲಿಗೆ ದ್ರಾಕ್ಷಿ ಚೆನ್ನಾಗಿ ಹಣ್ಣಾಗುತ್ತದೆ, ಸಕ್ಕರೆ ಏರುತ್ತದೆ, ಆ ಸಕ್ಕರೆಯೇ ಹುದುಗಿ ಆಲ್ಕೋಹಾಲು ಆಗುತ್ತದೆ. ಶೇ. 13, 14 ಅಂತ ಲೇಬಲ್ ಮೇಲೆ ಕಾಣುವುದು ಸಾಮಾನ್ಯ. ಹಸಿಮೆಣಸು, ಒಣಮೆಣಸಿನ ಖಾರದ ಜೊತೆ ಆಲ್ಕೋಹಾಲು ಜಾಸ್ತಿ ಇರುವ ವೈನ್ ಕುಡಿದರೆ ಖಾರ ಎರಡು ಪಟ್ಟು ಅನಿಸುತ್ತದೆ, ಒಗರೂ ಕಹಿಗೆ ತಿರುಗುತ್ತದೆ. ನಾಲ್ಕನೆಯದು ಸಿಗುವುದು ಮತ್ತು ಬೆಲೆ. ಅದನ್ನು ಕೊನೆಗೆ ಹೇಳುತ್ತೇನೆ.

ಶಿರಾಜ್

ನಮ್ಮ ಕಡೆಯವರು ಮೊದಲು ಕೊಳ್ಳಬೇಕಾದ್ದು ಇದೇ ಅಂತ ನಾನು ಗಟ್ಟಿಯಾಗಿ ಹೇಳುತ್ತೇನೆ. ಫ್ರಾನ್ಸಿನವರು ಇದಕ್ಕೆ ಸಿರಾ ಅನ್ನುತ್ತಾರೆ, ಎರಡೂ ಒಂದೇ ದ್ರಾಕ್ಷಿ. ಬಣ್ಣ ಗಾಢ, ಒಗರು ಮಧ್ಯಮಕ್ಕಿಂತ ಸ್ವಲ್ಪ ಮೇಲೆ, ಹುಳಿ ಹದವಾಗಿ, ನೇರಳೆ ಹಣ್ಣಿನಂಥ ಕಪ್ಪು ಹಣ್ಣುಗಳ ವಾಸನೆ. ಇದೆಲ್ಲಕ್ಕಿಂತ ಮುಖ್ಯ, ಇದರಲ್ಲಿ ಕರಿಮೆಣಸು ಇದೆ.

ಇದು ಬಾಯಿಮಾತಿನ ವರ್ಣನೆ ಅಲ್ಲ. 2008ರಲ್ಲಿ ಆಸ್ಟ್ರೇಲಿಯಾದ ವೈನ್ ಸಂಶೋಧನಾ ಸಂಸ್ಥೆಯವರು ಶಿರಾಜ್‌ನ ಮೆಣಸಿನ ವಾಸನೆಗೆ ಕಾರಣ ರೊಟಂಡೋನ್ ಅನ್ನುವ ಅಂಶ ಅಂತ ಪತ್ತೆ ಮಾಡಿದರು. ನಮ್ಮ ಅಡಿಕೆ ಮರಕ್ಕೆ ಹಬ್ಬಿರುವ ಬಳ್ಳಿಯ ಕಾಳಿನಲ್ಲಿರುವುದೂ ಅದೇ. ಕಾಳಿನಲ್ಲಿ ಅದರ ಪ್ರಮಾಣ ವೈನಿಗಿಂತ ಎಷ್ಟೋ ಪಟ್ಟು ಜಾಸ್ತಿ, ವೈನಿನಲ್ಲಿ ಒಂದು ಸುಳಿವು ಮಾತ್ರ. ಅದೇ ಸಂಶೋಧನೆಯಲ್ಲಿ ಇನ್ನೊಂದು ವಿಷಯ ಗೊತ್ತಾಯಿತು. ಸುಮಾರು ಐದರಲ್ಲಿ ಒಬ್ಬರ ಮೂಗಿಗೆ ಈ ವಾಸನೆ ಹತ್ತುವುದೇ ಇಲ್ಲ.

ತೀರ್ಥಹಳ್ಳಿ ಹತ್ತಿರದ ಸ್ನೇಹಿತನ ಮನೆಯಲ್ಲಿ ಇದನ್ನು ಕಣ್ಣಾರೆ ಕಂಡೆ. ಜಗುಲಿಯಲ್ಲಿ ಕೂತಿದ್ದೆವು. ಹೊರಗೆ ಜೋರು ಮಳೆ. ಅವನು ಹೊಸ ಕಾಳುಮೆಣಸು ನಾಲ್ಕು ಕಾಳು ಕುಟ್ಟಾಣಿಯಲ್ಲಿ ಜಜ್ಜಿ, ಒಂದು ಸಣ್ಣ ಬಟ್ಟಲಲ್ಲಿ ಶಿರಾಜ್ ಗ್ಲಾಸಿನ ಪಕ್ಕ ಇಟ್ಟ. ಒಮ್ಮೆ ಬಟ್ಟಲು, ಒಮ್ಮೆ ಗ್ಲಾಸು ಮೂಸುತ್ತಾ ಹೋದ ಹಾಗೆ ಅವನಿಗೆ ಮೆಣಸು ಸಿಕ್ಕಿಬಿಟ್ಟಿತು. ಅವನ ಭಾವ ಪ್ರತಿ ವರ್ಷ ಮೆಣಸು ಕೊಯ್ಲು ಮಾಡಿಸಿ, ಒಣಗಿಸಿ, ಮಂಡಿಗೆ ಹಾಕುವವರು. ಅವರು ಗ್ಲಾಸು ತಿರುಗಿಸಿ ತಿರುಗಿಸಿ ಮೂಸಿದರು, ಕಣ್ಣು ಮುಚ್ಚಿ ಮೂಸಿದರು. "ಹಣ್ಣಿನ ವಾಸನೆ ಬರ್ತದೆ ಮಾರಾಯ, ಮೆಣಸು ಎಲ್ಲೂ ಇಲ್ಲ" ಅಂದರು. ಕುಟ್ಟಿದ ಕಾಳಿನ ಘಾಟು ಅವರಿಗೆ ಚೆನ್ನಾಗಿಯೇ ಗೊತ್ತು, ಕಾಳಿನಲ್ಲಿ ಬೇರೆ ಹತ್ತಾರು ವಾಸನೆಗಳಿವೆ. ಗ್ಲಾಸಿನಲ್ಲಿದ್ದ ಆ ಒಂದೇ ಒಂದು ಮಾತ್ರ ಅವರ ಮೂಗಿಗೆ ಸಿಗುತ್ತಿರಲಿಲ್ಲ. ಹಾಗಾಗಿ ನಿಮಗೆ ಸಿಗದಿದ್ದರೆ ನಿಮ್ಮ ಮೂಗು ಮಂದ ಅಂತ ಅಂದುಕೊಳ್ಳಬೇಡಿ, ವೈನ್ ಸರಿಯಿಲ್ಲ ಅಂತಲೂ ಅಲ್ಲ.

ಒಂದು ಮಾತು ಮುಚ್ಚಿಡದೆ ಹೇಳಬೇಕು. ಮೆಣಸಿನ ಗುಣ ತಂಪು ಜಾಗದ ಶಿರಾಜ್‌ನಲ್ಲಿ ಜಾಸ್ತಿ, ಫ್ರಾನ್ಸಿನ ರೋನ್ ಕಣಿವೆಯ ಉತ್ತರ ಭಾಗದ್ದು ಅದಕ್ಕೇ ಹೆಸರುವಾಸಿ. ಬಿಸಿಲಿನ ಜಾಗದ್ದರಲ್ಲಿ ಹಣ್ಣು, ಜಾಮ್, ಚಾಕೊಲೇಟ್ ಮುಂದೆ ಬರುತ್ತದೆ, ಮೆಣಸು ಹಿಂದೆ ಸರಿಯುತ್ತದೆ. ಭಾರತದ ಶಿರಾಜ್‌ನಲ್ಲಿ ಅದನ್ನು ಹುಡುಕಬೇಕಾಗುತ್ತದೆ. ನುಂಗಿದ ಮೇಲೆ ಗಂಟಲ ಹಿಂದಿನಿಂದ ಬರುವ ಉಸಿರಿಗೆ ಗಮನ ಕೊಡಿ, ಎಷ್ಟೋ ಸಲ ಅಲ್ಲೇ ಸಿಗುತ್ತದೆ.

ಊಟಕ್ಕೆ ಇದರಷ್ಟು ಹೊಂದುವುದು ಇನ್ನೊಂದಿಲ್ಲ. ಕಡುಬು ಮತ್ತು ಮೆಣಸು ಮುಂದಾಗಿರುವ ಕೋಳಿ ಸಾರು, ಹಂದಿ ಮಾಂಸದ ಒಣ ಪಲ್ಯ, ಸಸ್ಯಾಹಾರಿಗಳಿಗೆ ಎಳೆ ಹಲಸಿನಕಾಯಿಯನ್ನು ಮೆಣಸು, ಕೊಬ್ಬರಿ ಹಾಕಿ ಹುರಿದದ್ದು. ಖಾರ ಮೆಣಸಿನಕಾಯಿಯದ್ದಾಗಿದ್ದರೆ ಹಿಂದೇಟು ಹಾಕಿ, ಕಾಳುಮೆಣಸಿನದ್ದಾಗಿದ್ದರೆ ಧೈರ್ಯವಾಗಿ ತೆಗೆಯಿರಿ. ನಾಸಿಕ್‌ನ ವೈನ್ ಕಂಪನಿ ಸುಲಾದವರ ದಿಂಡೋರಿ ರಿಸರ್ವ್ ಶಿರಾಜ್ ಓಕ್ ಪೀಪಾಯಿಯಲ್ಲಿ ಇಟ್ಟದ್ದು, ತುಸು ದುಬಾರಿ. ಮೊದಲ ಸಲಕ್ಕೆ ಅಷ್ಟು ಖರ್ಚು ಬೇಕಾಗಿಲ್ಲ, ಯಾವುದೇ ಒಳ್ಳೆಯ ತಯಾರಕರ ಸಾಮಾನ್ಯ ಶಿರಾಜ್ ಸಾಕು.

ಕ್ಯಾಬರ್ನೆ ಸಾವಿನ್ಯೋನ್

ಹೆಸರು ದೊಡ್ಡದು, ಒಗರೂ ದೊಡ್ಡದು. ಕಾಳು ಚಿಕ್ಕದು, ಸಿಪ್ಪೆ ದಪ್ಪ. ರಸಕ್ಕೆ ಹೋಲಿಸಿದರೆ ಸಿಪ್ಪೆ ಬೀಜದ ಪಾಲೇ ಜಾಸ್ತಿ. ಟ್ಯಾನಿನ್ ಇಷ್ಟಿರುವುದು ಅದಕ್ಕೇ. ಕ್ಯಾಬರ್ನೆ ಫ್ರಾಂಕ್ ಅನ್ನುವ ಕೆಂಪು ದ್ರಾಕ್ಷಿ, ಸಾವಿನ್ಯೋನ್ ಬ್ಲಾಂಕ್ ಅನ್ನುವ ಬಿಳಿ ದ್ರಾಕ್ಷಿ, ಇವೆರಡರ ಮಗು ಇದು ಅಂತ 1997ರಲ್ಲಿ ಕ್ಯಾಲಿಫೋರ್ನಿಯಾದ ವಿಜ್ಞಾನಿಗಳು ಡಿಎನ್ಎ ನೋಡಿ ತೋರಿಸಿದರು. ದ್ರಾಕ್ಷಿ ಪೂರ್ತಿ ಹಣ್ಣಾಗದಿದ್ದರೆ ಹಸಿ ದೊಣ್ಣೆಮೆಣಸಿನಕಾಯಿ ಹೆಚ್ಚಿದ ಹಾಗೆ ವಾಸನೆ ಬರುತ್ತದೆ. ಅದು ದೋಷ ಅಂತ ಕೆಲವರು ಅಂತಾರೆ, ಸ್ವಲ್ಪ ಇದ್ದರೆ ನನಗೆ ಇಷ್ಟವೇ.

ಯಾರಿಗೆ ಸರಿ? ಕಡುಕಾಫಿ ಸಕ್ಕರೆ ಇಲ್ಲದೆ ಕುಡಿಯುವವರಿಗೆ, ಒಗರು ಅಂದರೆ ಹಿಂಜರಿಯದವರಿಗೆ, ತಾಳ್ಮೆ ಇರುವವರಿಗೆ. ಬರೀ ಹೊಟ್ಟೆಯಲ್ಲಿ ಸುಮ್ನೆ ಕೂತು ಕುಡಿಯುವ ವೈನ್ ಇದಲ್ಲ. ಮಟನ್ ಬೇಕು, ಕೊಬ್ಬು ಬೇಕು. ಟ್ಯಾನಿನ್ ಆಗ ಮಾಂಸದ ಪ್ರೋಟೀನಿಗೆ ಅಂಟಿಕೊಂಡು ನಿಮ್ಮ ಎಂಜಲನ್ನು ಬಿಟ್ಟುಬಿಡುತ್ತದೆ, ಅದೇ ವೈನ್ ತುಂಬ ಮೆತ್ತಗೆ ಅನಿಸುತ್ತದೆ. ಒಂದು ಗುಟುಕು ಮೊದಲು ಕುಡಿದು, ಆಮೇಲೆ ಕೊಬ್ಬಿರುವ ಒಂದು ತುಂಡು ಮಟನ್ ತಿಂದು, ಮತ್ತೆ ಒಂದು ಗುಟುಕು ಕುಡಿದು ನೋಡಿ. ಸಸ್ಯಾಹಾರಿಗಳು ಮಟನ್ ಬದಲು ಒಂದು ತುಂಡು ಪನೀರ್ ಅಥವಾ ಚೀಸ್ ತಗೊಂಡರೂ ವ್ಯತ್ಯಾಸ ಗೊತ್ತಾಗುತ್ತದೆ.

ಬಾಟಲಿ ತೆಗೆದ ತಕ್ಷಣ ತೀರ್ಪು ಕೊಡಬೇಡಿ. ಅಗಲ ಬಾಯಿಯ ಗಾಜಿನ ಜಗ್ಗಿಗೆ ಸುರಿದು ಒಂದು ಗಂಟೆ ಬಿಡಿ. ಉಳಿದದ್ದನ್ನು ಮರುದಿನ ನೋಡಿದರೆ ಎಷ್ಟೋ ಸಲ ಇನ್ನೂ ಚೆನ್ನಾಗಿರುತ್ತದೆ. ಕರ್ನಾಟಕದ್ದೇ ಬೇಕು ಅನ್ನುವವರಿಗೆ ಹಂಪಿ ಬೆಟ್ಟಗಳ ಕಡೆಯ ಕೃಷ್ಮಾ ಎಸ್ಟೇಟ್ಸ್ ಅವರದ್ದಿದೆ. ಬೆಲೆ ಮೇಲಿನ ಹಂತದ್ದು, ವಿಶೇಷ ದಿನಕ್ಕೆ ಇಟ್ಟುಕೊಳ್ಳಬೇಕಾದ ಬಾಟಲಿ.

ಮೆರ್ಲೊ

ಇದಕ್ಕೂ ಕ್ಯಾಬರ್ನೆ ಫ್ರಾಂಕೇ ಒಂದು ಕಡೆಯ ಹೆತ್ತದ್ದು, ಹಾಗಾಗಿ ಕ್ಯಾಬರ್ನೆ ಸಾವಿನ್ಯೋನ್‌ಗೆ ಹತ್ತಿರದ ನೆಂಟ. ಆದರೆ ಕಾಳು ದೊಡ್ಡದು, ಸಿಪ್ಪೆ ತೆಳು, ಬೇಗ ಹಣ್ಣಾಗುತ್ತದೆ. ಒಗರು ಕಡಿಮೆ, ಹುಳಿಯೂ ಕಡಿಮೆ, ಪ್ಲಮ್ ಹಣ್ಣಿನ ಮೆತ್ತನೆ ರುಚಿ. ಮೊದಲ ಸಲ ಕುಡಿಯುವವರಿಗೆ, ಒಗರು ಬೇಡವೇ ಬೇಡ ಅನ್ನುವವರಿಗೆ ಇದು. ಊಟ ಇಲ್ಲದೆಯೂ ನಡೆಯುತ್ತದೆ. ನಾನು ಇದನ್ನು ಶಿರಾಜ್‌ಗಿಂತ ಕೆಳಗೆ ಇಡಲು ಕಾರಣ ಒಂದೇ. ನಮ್ಮ ಮಸಾಲೆ, ನಮ್ಮ ಹುಳಿಯ ಮುಂದೆ ಅಗ್ಗದ ಮೆರ್ಲೊ ಕಳೆದುಹೋಗುತ್ತದೆ. ನೀರುದೋಸೆ, ಕಾಯಿಹಾಲಿನ ಮೆತ್ತನೆ ಸಾರು, ಹೆಚ್ಚು ಖಾರ ಇಲ್ಲದ ಕೋಳಿ, ಇಂಥವಕ್ಕೆ ಮಾತ್ರ ಸರಿಹೊಂದುತ್ತದೆ.

ಸಾಂಜೊವೇಸೆ

ಇದರ ಬಗ್ಗೆ ನನಗೆ ವಿಶೇಷ ಪ್ರೀತಿ, ಮತ್ತೆ ಇದನ್ನು ಕೇಳುವವರೇ ಕಡಿಮೆ. ಇಟಲಿಯ ಟಸ್ಕನಿಯ ದ್ರಾಕ್ಷಿ. ಕಿಯಾಂತಿ ಅನ್ನುವ ವೈನಿನ ಹೆಸರು ಕೇಳಿದ್ದರೆ ಅದರ ಬೆನ್ನೆಲುಬು ಇದೇ, ಮೇಲೆ ಹೇಳಿದ ಬ್ರುನೆಲ್ಲೊ ಪೂರ್ತಿ ಇದೇ. ಬಣ್ಣ ಅಷ್ಟು ಗಾಢ ಇಲ್ಲ. ಹುಳಿ ಚೆನ್ನಾಗಿದೆ. ಹುಳಿ ಚೆರ್ರಿಯ ರುಚಿ, ಒಣ ಸೊಪ್ಪಿನ ವಾಸನೆ, ಒಗರು ಕೊನೆಯಲ್ಲಿ ಬಂದು ಸ್ವಲ್ಪ ಹೊತ್ತು ನಿಲ್ಲುತ್ತದೆ.

ಟೊಮೆಟೊ ಹುಳಿಯ ಅಡುಗೆ ತಿನ್ನುವ ಇಟಲಿಯವರ ಜೊತೆ ಬೆಳೆದ ವೈನ್ ಇದು. ನಮ್ಮ ಹುಳಿಸಾರಿಗೂ, ಮೆಣಸ್ಕಾಯಿಗೂ ಹೊಂದಿಕೊಳ್ಳುವುದು ಅದಕ್ಕೇ. ಪತ್ರೊಡೆಯ ಹುಳಿ-ಖಾರ-ಬೆಲ್ಲದ ಮಸಾಲೆಗೆ ಮೆರ್ಲೊ ಸೋಲುತ್ತದೆ, ಕ್ಯಾಬರ್ನೆ ಜಗಳಕ್ಕೆ ನಿಲ್ಲುತ್ತದೆ, ಸಾಂಜೊವೇಸೆ ಮಾತ್ರ ಎದುರು ಕೂತು ಊಟ ಮಾಡುತ್ತದೆ. ಅಪ್ಪೆಮಿಡಿ ಉಪ್ಪಿನಕಾಯಿಯನ್ನು ಮಾತ್ರ ದೂರ ಇಡಿ. ಅಷ್ಟು ಉಪ್ಪು, ಅಷ್ಟು ಹುಳಿ, ಅಷ್ಟು ಘಾಟಿನ ಮುಂದೆ ಯಾವ ಕೆಂಪು ವೈನೂ ನಿಲ್ಲುವುದಿಲ್ಲ.

ಅಕ್ಲುಜ್‌ನ ಫ್ರಾಟೆಲ್ಲಿಯವರು ಇದನ್ನು ಬೆಳೆದು ಮಾಡುತ್ತಾರೆ, ಹಂಪಿಯ ಕೃಷ್ಮಾದವರೂ ಮಾಡುತ್ತಾರೆ. ಫ್ರಾಟೆಲ್ಲಿಯವರದ್ದೇ ಸಾಂಜೊವೇಸೆ ಬಿಯಾಂಕೊ ಅಂತ ಇನ್ನೊಂದಿದೆ, ಅದು ಇದೇ ದ್ರಾಕ್ಷಿಯಿಂದ ಮಾಡಿದ ಬಿಳಿ ವೈನ್. ಬಣ್ಣ ಇರುವುದು ಸಿಪ್ಪೆಯಲ್ಲಿ, ಹಿಂಡಿದ ಕೂಡಲೇ ಸಿಪ್ಪೆ ಬೇರೆ ಮಾಡಿದರೆ ರಸ ಬಿಳಿಯೇ. ಕೊಳ್ಳುವಾಗ ಹೆಸರು ಪೂರ್ತಿ ಓದಿ. ಅಂಗಡಿಯಲ್ಲಿ ಕಾಣದಿದ್ದರೆ ತರಿಸಿಕೊಡಿ ಅಂತ ಕೇಳಿ, ಇಲ್ಲವೇ ಬೆಂಗಳೂರಿಗೆ ಹೋಗುವವರಿಗೆ ಹೇಳಿ.

ಉಳಿದವು

ಮಾಲ್ಬೆಕ್ ಫ್ರಾನ್ಸಿನ ಕಾವೋರ್ ಕಡೆಯದ್ದು, ಬೆಳಗಿದ್ದು ಅರ್ಜೆಂಟೀನಾದ ಮೆಂದೊಸಾದ ಎತ್ತರದ ತೋಟಗಳಲ್ಲಿ. ಗಾಢ ಬಣ್ಣ, ಮೃದು ಒಗರು, ತುಂಬು ಹಣ್ಣು. ಶಿರಾಜ್ ಇಷ್ಟವಾದವರಿಗೆ ಎರಡನೇ ಹೆಜ್ಜೆ. ಟೆಂಪ್ರನಿಯೊ ಸ್ಪೇನಿನದ್ದು, ರಿಯೊಹಾ ಅನ್ನುವ ಹೆಸರಾಂತ ವೈನಿಗೆ ಇದೇ ಮುಖ್ಯ ದ್ರಾಕ್ಷಿ. ಕೆಂಡದಲ್ಲಿ ಸುಟ್ಟ ಬದನೆಕಾಯಿ ಗೊಜ್ಜಿನ ಹೊಗೆ ವಾಸನೆಗೆ ಚೆನ್ನಾಗಿ ಹೊಂದುತ್ತದೆ. ಜಿನ್‌ಫಂಡೆಲ್ ಅಮೆರಿಕದವರ ನೆಚ್ಚಿನದ್ದು, ಮೂಲ ಮಾತ್ರ ಕ್ರೊಯೇಷಿಯಾ. ಹಣ್ಣು ಜಾಸ್ತಿ, ಆಲ್ಕೋಹಾಲೂ ಜಾಸ್ತಿ, ಒಗರು ಕಡಿಮೆ. ಸಿಹಿ ವೈನಿನಿಂದ ಈಚೆಗೆ ಬರುತ್ತಿರುವವರಿಗೆ ಸೇತುವೆಯಾಗಬಹುದು. ಸುಲಾದವರು ಕೆಂಪಿನ ಜೊತೆಗೆ ಇದರ ರೋಸೆಯನ್ನೂ ಮಾಡುತ್ತಾರೆ, ಅದು ಗುಲಾಬಿ ಬಣ್ಣದ್ದು, ಬೇರೆಯೇ ವೈನ್.

ಪಿನೊ ನೊವಾರ್ ಬಗ್ಗೆ ಕೇಳಿದವರಿಗೆ ನನ್ನ ಉತ್ತರ: ಈಗಲೇ ಬೇಡ. ಅದು ತೆಳು ಸಿಪ್ಪೆಯ, ಚಳಿ ಬೇಡುವ, ಸೂಕ್ಷ್ಮ ದ್ರಾಕ್ಷಿ. ಫ್ರಾನ್ಸಿನ ಬರ್ಗಂಡಿಯಲ್ಲಿ ಅದರಿಂದ ಜಗತ್ತಿನ ಅತಿ ದುಬಾರಿ ವೈನ್ ಆಗುತ್ತದೆ. ಕೈಗೆಟುಕುವ ಬೆಲೆಯದ್ದು ಹೆಚ್ಚಾಗಿ ಸಪ್ಪೆ, ಚೆನ್ನಾಗಿರುವುದು ಕೈಗೆಟುಕುವುದಿಲ್ಲ, ಸೆಕೆಯ ಗೋದಾಮಿನಲ್ಲಿ ಇದ್ದು ಬಂದರೆ ಅದರ ನಯವೆಲ್ಲ ಹೋಗಿರುತ್ತದೆ. ಮಳೆಗಾಲದ ಅಣಬೆ ಪಲ್ಯಕ್ಕೆ ಅದರಂಥ ಜೋಡಿ ಇಲ್ಲ ಅನ್ನುವುದು ನಿಜ. ಬೇರೆಯವರು ಹೊರದೇಶದಿಂದ ತಂದುಕೊಟ್ಟರೆ ಅಣಬೆ ಹುಡುಕಿ.

ಮೀನು ತಿನ್ನುವವರಿಗೆ ಒಂದು ಮಾತು. ಕೆಂಪು ವೈನ್ ಜೊತೆ ಮೀನು ತಿಂದರೆ ಬಾಯಲ್ಲಿ ಕೆಟ್ಟ ಮೀನಿನ ವಾಸನೆ ಉಳಿಯುತ್ತದೆ, ಅಲ್ವಾ? ಅದಕ್ಕೆ ವೈನಿನಲ್ಲಿರುವ ಕಬ್ಬಿಣದ ಅಂಶ ಕಾರಣ ಅಂತ ಜಪಾನಿನ ಸಂಶೋಧಕರು 2009ರಲ್ಲಿ ತೋರಿಸಿದರು. ಮೀನು ಸಾರಿನ ದಿನ ಮೇಲಿನ ಯಾವುದೂ ಬೇಡ, ಬಿಳಿ ವೈನ್ ತಗೊಳ್ಳಿ.

ರುಚಿ ನೋಡುವ ಸಂಜೆ

ಎಲೆ-ಅಡಿಕೆ ಹಾಕುವವರು ಅವತ್ತು ಮಧ್ಯಾಹ್ನದಿಂದಲೇ ಬಿಡಿ. ಸುಣ್ಣ, ಅಡಿಕೆಯ ಒಗರು ನಾಲಿಗೆ ಮೇಲೆ ಕೂತಿದ್ದರೆ ವೈನಿನ ಒಗರು ಎಷ್ಟು ಅಂತ ಗೊತ್ತಾಗುವುದೇ ಇಲ್ಲ. ಊದುಬತ್ತಿ, ಸೊಳ್ಳೆಬತ್ತಿ ಹಚ್ಚಬೇಡಿ, ಅತ್ತರು ಬೇಡ. ಸ್ಟೀಲ್ ಲೋಟ ಬೇಡ, ಒಳಗೆ ಬಾಗಿದ ಬಾಯಿಯ ಗಾಜಿನ ಗ್ಲಾಸು ಬೇಕು, ಎಲ್ಲರಿಗೂ ಒಂದೇ ಥರದ್ದು. ನಡುವೆ ಬಾಯಿ ತಿಳಿ ಮಾಡಿಕೊಳ್ಳೋಕೆ ನೀರು ಮತ್ತು ಒಗ್ಗರಣೆ ಹಾಕದ ಖಾಲಿ ಮಂಡಕ್ಕಿ. ದುಬಾರಿ ಬಿಸ್ಕತ್ತಿಗಿಂತ ಮಂಡಕ್ಕಿ ಎಷ್ಟೋ ವಾಸಿ, ಅದರದ್ದೇ ರುಚಿ ಅಡ್ಡ ಬರುವುದಿಲ್ಲ.

ವೈನ್ 16ರಿಂದ 18 ಡಿಗ್ರಿಯಲ್ಲಿರಬೇಕು. ಕೆಂಪು ವೈನ್ ಹೊರಗಿನ ಉಷ್ಣತೆಯಲ್ಲೇ ಕುಡಿಯಬೇಕು ಅನ್ನುವ ಮಾತು ಯುರೋಪಿನ ಚಳಿ ಮನೆಗಳದ್ದು. ಏಪ್ರಿಲ್ ತಿಂಗಳ ಶಿವಮೊಗ್ಗದಲ್ಲಿ ಹಾಗೆ ಮಾಡಿದರೆ ಬರೀ ಆಲ್ಕೋಹಾಲಿನ ಘಾಟು ಮೂಗಿಗೆ ಹೊಡೆಯುತ್ತದೆ. ಅರ್ಧ ಗಂಟೆ, ಸೆಕೆ ಜಾಸ್ತಿ ಇದ್ದರೆ ಮುಕ್ಕಾಲು ಗಂಟೆ ಫ್ರಿಜ್ಜಿನಲ್ಲಿಡಿ. ಡಿಸೆಂಬರಿನ ಆಗುಂಬೆಯಲ್ಲಾದರೆ ಫ್ರಿಜ್ಜಿನ ಹಂಗೇ ಬೇಡ.

ಬಾಟಲಿಗಳನ್ನು ಪೇಪರಿನಲ್ಲಿ ಸುತ್ತಿ ನಂಬರ್ ಹಾಕಿ. ಯಾವುದು ಯಾವುದು ಅಂತ ಒಬ್ಬರಿಗೆ ಮಾತ್ರ ಗೊತ್ತಿರಲಿ. ಬೆಲೆ ಗೊತ್ತಿದ್ದರೆ ದುಬಾರಿಯದ್ದೇ ಚೆನ್ನಾಗಿದೆ ಅನಿಸಿಬಿಡುತ್ತದೆ. ಹಗುರದಿಂದ ಭಾರಕ್ಕೆ ಹೋಗಿ: ಮೊದಲು ಸಾಂಜೊವೇಸೆ, ಆಮೇಲೆ ಮೆರ್ಲೊ, ಶಿರಾಜ್, ಕೊನೆಗೆ ಕ್ಯಾಬರ್ನೆ. ಊಟಕ್ಕೆ ಮೊದಲು ಒಂದು ಸುತ್ತು, ಊಟದ ಜೊತೆ ಇನ್ನೊಂದು ಸುತ್ತು. ಎರಡು ಸುತ್ತಿನ ಅಂಕ ಬೇರೆ ಬೇರೆ ಬರೆದುಕೊಳ್ಳಿ, ಬಹಳಷ್ಟು ಮನೆಗಳಲ್ಲಿ ಮೊದಲ ಸುತ್ತು ಮೆರ್ಲೊ ಗೆದ್ದು ಎರಡನೇ ಸುತ್ತಿಗೆ ಕೆಳಗಿಳಿಯುತ್ತದೆ. ರುಚಿ ನೋಡಿ ಉಗುಳುವುದು ವೈನ್ ಕೆಲಸದವರ ರೂಢಿ, ಅದಕ್ಕೊಂದು ಪಾತ್ರೆ ಇಡಿ. ಗಾಡಿ ಓಡಿಸುವವರು ನುಂಗಲೇಬೇಡಿ. ಕಾನೂನಿನ ಮಿತಿ 100 ಎಂಎಲ್ ರಕ್ತಕ್ಕೆ 30 ಮಿಲಿಗ್ರಾಂ ಆಲ್ಕೋಹಾಲು, ಘಾಟಿಯ ತಿರುವಿನಲ್ಲಿ ಅಷ್ಟೂ ಇರಬಾರದು. ರಾತ್ರಿ ಅಲ್ಲೇ ಉಳಿಯುವ ಏರ್ಪಾಡು ಮಾಡಿಕೊಳ್ಳಿ.

ಅಂಗಡಿ, ಬೆಲೆ, ಬಜೆಟ್

ಹೊರದೇಶದ ವೈನಿಗೆ ನಮ್ಮಲ್ಲಿ ಬಹುಕಾಲ ಶೇ. 150ರಷ್ಟು ಆಮದು ಸುಂಕ. ಆಸ್ಟ್ರೇಲಿಯಾ ಜೊತೆಗಿನ ವ್ಯಾಪಾರ ಒಪ್ಪಂದ 2022ರ ಡಿಸೆಂಬರ್ 29ಕ್ಕೆ ಜಾರಿಗೆ ಬಂದ ಮೇಲೆ ಅಲ್ಲಿಯ ತೀರಾ ಅಗ್ಗವಲ್ಲದ ವೈನಿಗೆ ಸ್ವಲ್ಪ ಕಡಿಮೆಯಾಗಿದೆ, ಹಂತ ಹಂತವಾಗಿ ಇನ್ನೂ ಇಳಿಯುತ್ತದೆ. ಹಾಗಾಗಿ ಆಮದಿನದ್ದೇ ಬೇಕು ಅಂದರೆ ಆಸ್ಟ್ರೇಲಿಯಾದ ಶಿರಾಜ್ ನೋಡಿ. ಉಳಿದ ದೇಶಗಳ ಅಗ್ಗದ ಬಾಟಲಿಯಲ್ಲಿ ನೀವು ಕೊಡುವ ದುಡ್ಡಿನ ದೊಡ್ಡ ಪಾಲು ತೆರಿಗೆಗೇ ಹೋಗುತ್ತದೆ, ಅದೇ ದುಡ್ಡಿಗೆ ನಮ್ಮ ದೇಶದ್ದರಲ್ಲಿ ಒಂದು ಹಂತ ಮೇಲಿನದು ಸಿಗುತ್ತದೆ.

ಬಾಟಲಿ ಎಲ್ಲಿಟ್ಟಿದ್ದರು ಅನ್ನುವುದನ್ನು ಬೆಲೆಗಿಂತ ಮೊದಲು ನೋಡಿ. ಊರಿನ ಒಂದು ಅಂಗಡಿಯಲ್ಲಿ ತಂದ ಕ್ಯಾಬರ್ನೆ ಬೇಯಿಸಿದ ಹಣ್ಣಿನ ಹಾಗೆ, ಸ್ವಲ್ಪ ವಿನೆಗರ್ ಹಾಗೆ ಇತ್ತು. ಬಿಸಿಲು ಬೀಳುವ ಗಾಜಿನ ಪಕ್ಕ ತಿಂಗಳುಗಟ್ಟಲೆ ನಿಂತಿದ್ದ ಬಾಟಲಿ ಅದು. ಒಳಗಿನ ಕಪಾಟಿನಿಂದ ಕೊಡಿ ಅಂತ ಕೇಳಿ. ಕಾರ್ಕ್ ಮೇಲಕ್ಕೆ ಉಬ್ಬಿದ್ದರೆ, ಕುತ್ತಿಗೆ ಹತ್ತಿರ ಸೋರಿದ ಗುರುತಿದ್ದರೆ ಬೇಡ. ಸಾಮಾನ್ಯ ಬೆಲೆಯ ವೈನಿಗೆ ಹಳೆಯದ್ದೇ ಒಳ್ಳೆಯದು ಅನ್ನುವುದಿಲ್ಲ, ಹೊಸ ವರ್ಷದ್ದೇ ವಾಸಿ. ತಿರುಗಿಸುವ ಮುಚ್ಚಳ ಇದ್ದರೆ ಕೀಳು ಅಂತ ಅಂದುಕೊಳ್ಳಬೇಡಿ, ನಮ್ಮ ಸೆಕೆಗೆ ಅದೇ ಹೆಚ್ಚು ನಂಬಿಕಸ್ತ. ಕಟ್ಟಾ ಸಸ್ಯಾಹಾರಿಗಳು ಲೇಬಲ್ ನೋಡಿ, ವೈನ್ ತಿಳಿ ಮಾಡೋಕೆ ಕೆಲವರು ಮೊಟ್ಟೆಯ ಬಿಳಿ ಅಥವಾ ಮೀನಿನಿಂದ ತೆಗೆದ ಅಂಟು ಬಳಸುತ್ತಾರೆ.

ಒಂದೇ ಬಾಟಲಿಯ ದುಡ್ಡಿದೆ ಅಂದರೆ ಶಿರಾಜ್. ಮನೆಯಲ್ಲಿ ಯಾರೂ ಈ ಮೊದಲು ಕುಡಿದಿಲ್ಲ, ಒಗರು ಆಗುವುದಿಲ್ಲ ಅಂದರೆ ಮೆರ್ಲೊ, ಜೊತೆಗೆ ಖಾರ ಕಡಿಮೆ ಅಡುಗೆ. ಎರಡು ಬಾಟಲಿ ಆಗುತ್ತದೆ ಅಂದರೆ ಮೆರ್ಲೊ-ಕ್ಯಾಬರ್ನೆ ಜೋಡಿ ತಗೊಳ್ಳಿ, ಒಗರಿನ ಎರಡು ತುದಿಯೂ ಗೊತ್ತಾಗುತ್ತದೆ. ಹುಳಿ ಅಡುಗೆಯ ಸಸ್ಯಾಹಾರಿ ಮನೆಯಾದರೆ ಸಾಂಜೊವೇಸೆ-ಶಿರಾಜ್ ಜೋಡಿ. ನಾಲ್ಕೂ ಬೇಕು ಅನ್ನುವವರು ಜನ ಸೇರಿಸಿ. 750 ಎಂಎಲ್ ಬಾಟಲಿಯಲ್ಲಿ 60 ಎಂಎಲ್‌ನಂತೆ ಹನ್ನೆರಡು ಜನಕ್ಕೆ ಸುರಿಯಬಹುದು. ಎರಡು ಸುತ್ತಿಗೆ 30 ಎಂಎಲ್‌ನಂತೆ ಹಂಚಿಕೊಂಡರೂ ಸಾಕಾಗುತ್ತದೆ, ಒಬ್ಬೊಬ್ಬರ ಪಾಲಿಗೆ ಬರುವುದು ಒಂದು ಬಾಟಲಿಯ ಮೂರನೇ ಒಂದು ಭಾಗದ ಖರ್ಚು.

ಉಡುಗೊರೆಗೆ ಕೇಳಿದವರೂ ಇದ್ದಾರೆ. ಯಾರಿಗೆ ಕೊಡುತ್ತೀರೋ ಅವರ ಮನೆಯ ಅಡುಗೆ ಗೊತ್ತಿದ್ದರೆ ಅದಕ್ಕೆ ತಕ್ಕಂತೆ ಕೊಡಿ, ಗೊತ್ತಿಲ್ಲದಿದ್ದರೆ ಪೀಪಾಯಿಯಲ್ಲಿ ಇಟ್ಟ ಶಿರಾಜ್ ಒಂದು, ಜೊತೆಗೆ ನಿಮ್ಮ ತೋಟದ ಕಾಳುಮೆಣಸು ಒಂದು ಪೊಟ್ಟಣ. ಉಳಿದ ವೈನನ್ನು ಮುಚ್ಚಳ ಬಿಗಿ ಮಾಡಿ ಫ್ರಿಜ್ಜಿನಲ್ಲಿ ನಿಲ್ಲಿಸಿಟ್ಟರೆ ಮೂರು ದಿನ ಚೆನ್ನಾಗಿರುತ್ತದೆ, ಕುಡಿಯುವ ಅರ್ಧ ಗಂಟೆ ಮೊದಲು ಹೊರಗೆ ತೆಗೆದಿಡಿ.